ಕುದಿಸಿದರೂ ಹೋಗದ ಕಡಲ ವಿಷ

2020ರ ನವೆಂಬರ್‌ನಲ್ಲಿ ನಮ್ಮ ಕರಾವಳಿಯ ಕಡಲು ರಾತ್ರಿ ನೀಲಿಯಾಗಿ ಹೊಳೆದ ವಿಡಿಯೊ ನೆನಪಿದೆಯಾ? ರಾಯಬಾಗ ಕಡೆಯ ಪಾಲಬಾವಿಯವನು ನಾನು. ನಮಗೆ ಕಡಲು ಬಲು ದೂರ. ಆದರೂ ಮನೆಯ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಅದು ಬಂತು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಆ ನೀರಾಗಿಂದು ತಿಂದ್ರ ಏನೂ ಆಗಂಗಿಲ್ಲೇನೋ ತಮ್ಮಾ?"

ಒಳ್ಳೇ ಪ್ರಶ್ನೆ. ಹಾಗೆ ಹೊಳೆದದ್ದು ನಾಕ್ಟಿಲೂಕಾ ಎಂಬ ಏಕಕೋಶ ಜೀವಿ. ಅದು ಅತಿಯಾದರೆ ಮೀನುಗಳಿಗೆ ತೊಂದರೆ, ಮನುಷ್ಯರಿಗೆ ಅದು ವಿಷವಲ್ಲ. ಆದರೆ ಅದರ ಬಳಗದಲ್ಲೇ, ಅಂದರೆ ಡೈನೊಫ್ಲ್ಯಾಜೆಲೇಟ್‌ಗಳಲ್ಲಿ, ಬರಿಗಣ್ಣಿಗೆ ಕಾಣದ ಕೆಲವು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ.

ಕುಂಬಳೆಯಲ್ಲಿ ನಡೆದದ್ದು

1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆ ಅಳಿವೆಯ ಚಿಪ್ಪುಮೀನು, ಕರಾವಳಿಯವರ ಮರುವಾಯಿ, ತಿಂದವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 1984ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು.

ಮರುವಾಯಿ ನೀರು ಸೋಸಿ ಬದುಕುವ ಪ್ರಾಣಿ. ದಿನವಿಡೀ ಸೋಸುತ್ತಾ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ, ತಾನು ಮಾತ್ರ ಆರಾಮಾಗಿರುತ್ತದೆ. ನೋಡಲು ತಾಜಾ, ರುಚಿಯಲ್ಲೂ ವ್ಯತ್ಯಾಸವಿಲ್ಲ. ಕುದಿಸಿದರೂ ಹುರಿದರೂ ವಿಷ ಹೋಗಲ್ಲ.

ಒಳಗೆ ಏನಾಗುತ್ತದೆ?

ನಮ್ಮ ನರಗಳಲ್ಲಿ ಸೋಡಿಯಂ ಒಳಬರಲು ಪುಟ್ಟ ಬಾಗಿಲುಗಳಿವೆ. ಅವು ತೆರೆದರಷ್ಟೇ ಸಂದೇಶ ಮುಂದೆ ಹೋಗೋದು. ಸ್ಯಾಕ್ಸಿಟಾಕ್ಸಿನ್ ಆ ಬಾಗಿಲಿಗೆ ಬಿರಡೆಯಂತೆ ಕೂತುಬಿಡುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸರ್ವರ್ ಚಾಲೂ, ನೆಟ್‌ವರ್ಕ್ ಬಂದ್. ಪ್ರಜ್ಞೆ ಇರುತ್ತದೆ, ಆದರೆ ಉಸಿರಾಟದ ಸ್ನಾಯುಗಳಿಗೆ ಮೆದುಳಿನ ಆದೇಶ ತಲುಪಲ್ಲ.

ಪ್ರಮಾಣ ನೋಡಿ: ಒಂದು ಕಿಲೊ ಚಿಪ್ಪುಮಾಂಸದಲ್ಲಿ 0.8 ಮಿಲಿಗ್ರಾಂ ಮೀರಿದರೆ ಮಾರಬಾರದು ಅನ್ನೋದು ಅಂತರರಾಷ್ಟ್ರೀಯ ಮಿತಿ.

ಕಡಲಿಲ್ಲದ ಊರಿಗೂ ಸಂಬಂಧವಿದೆ

ಇದೇ ವಿಷವನ್ನು ಸಿಹಿನೀರಿನ ಕೆಲವು ನೀಲಿ-ಹಸಿರು ಪಾಚಿಗಳೂ ತಯಾರಿಸುತ್ತವೆ. 1991ರಲ್ಲಿ ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯಲ್ಲಿ ಸುಮಾರು 1,000 ಕಿ.ಮೀ. ಉದ್ದ ಇಂಥ ಪಾಚಿ ಹಬ್ಬಿ ಜಾನುವಾರುಗಳು ಸತ್ತವು. ಗೊಬ್ಬರದ ರಂಜಕ ಹರಿದು ನೀರಿಗೆ ಸೇರಿದಷ್ಟೂ, ನೀರು ನಿಂತಷ್ಟೂ, ಬಿಸಿಲು ಕಾದಷ್ಟೂ ಪಾಚಿಗೆ ಹಬ್ಬ. ಕಬ್ಬಿಗೆ ಗೊಬ್ಬರ ಸುರಿಯುವ ನಮ್ಮ ಕಡೆ ಇದು ನೆನಪಿರಲಿ. ಎಲ್ಲ ಪಾಚಿಯೂ ವಿಷವಲ್ಲ, ಆದರೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ ನೀರಿಗೆ ದನ ಬಿಡದಿರುವುದೇ ಲೇಸು.

ಇಷ್ಟು ನೆನಪಿಟ್ಟುಕೊಳ್ಳಿ

ಗೋವಾಕ್ಕೋ ಮಲ್ಪೆಗೋ ಹೋದಾಗ ಚಿಪ್ಪುಮೀನು ತಿನ್ನಲೇಬಾರದು ಅಂತಲ್ಲ. ಕಡಲು ಕೆಂಪಗೋ ಹಸಿರಗೋ ಬಣ್ಣಗೆಟ್ಟಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಆಗ ಬೇಡ. ನೀರು ತಿಳಿಯಾಗಿದೆ ಅಂದಮಾತ್ರಕ್ಕೆ ವಿಷವಿಲ್ಲ ಎಂಬ ಖಾತ್ರಿಯೂ ಇಲ್ಲ. ಸ್ಥಳೀಯ ಮೀನುಗಾರರ ಮಾತು ಕೇಳಿ.

ತಿಂದ ಅರ್ಧ ಗಂಟೆಯಲ್ಲೋ ಒಂದೆರಡು ಗಂಟೆಯಲ್ಲೋ ತುಟಿ, ನಾಲಿಗೆ, ಬೆರಳತುದಿ ಜುಮುಗುಟ್ಟಿದರೆ ಅಸಿಡಿಟಿ ಅಂದುಕೊಂಡು ಮಲಗಬೇಡಿ. ನಿಂಬೆರಸ, ಮಜ್ಜಿಗೆ ಅಂತ ಹೊತ್ತು ಕಳೆಯಬೇಡಿ. ಇದಕ್ಕೆ ಪ್ರತಿವಿಷ ಇಲ್ಲ, ಆದರೆ ವೆಂಟಿಲೇಟರ್ ಆಸರೆ ಸಮಯಕ್ಕೆ ಸಿಕ್ಕರೆ ದೇಹವೇ ವಿಷವನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆದ್ದರಿಂದ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ, ಎಷ್ಟು ಹೊತ್ತಾಯಿತು ಎಂದು ಮೊದಲೇ ಡಾಕ್ಟರಿಗೆ ಹೇಳಿ.