ಅರ್ಥಶಾಸ್ತ್ರ ಪದವಿ: ಯಾವ ಜೋಡಿ ವಿಷಯ ಆರಿಸಬೇಕು?

ಮಗಳು ವಿಜ್ಞಾನ ತೆಗೆದುಕೊಂಡಿಲ್ಲವೆಂದರೆ ಅನೇಕ ಮನೆಗಳಲ್ಲಿ ಅವಳ ಮುಂದೆ ಉಳಿಯುವ ದಾರಿ ಎರಡೇ: ಬಿ.ಕಾಂ. ಮಾಡುವುದು, ಇಲ್ಲವೇ ಬಿ.ಎ., ಬಿ.ಎಡ್. ಮಾಡಿ ಟೀಚರ್ ಆಗುವುದು. ಆ ಬಿ.ಎ.ಯೊಳಗಿರುವ ಅರ್ಥಶಾಸ್ತ್ರ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದನ್ನು ನಾವು ಯೋಚಿಸುವುದಿಲ್ಲ. ಮೈಸೂರಿನಲ್ಲಿ ಬೆಳೆದ ಗೀತಾ ಗೋಪಿನಾಥ್ ಪದವಿಯಲ್ಲಿ ಓದಿದ್ದು ಅರ್ಥಶಾಸ್ತ್ರವನ್ನೇ. 2019ರಲ್ಲಿ ಅವರು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು.

ಆದರೆ ಅರ್ಥಶಾಸ್ತ್ರ ಓದಿದವರಿಗೆಲ್ಲ ಒಂದೇ ಬಗೆಯ ಅವಕಾಶ ಸಿಗುವುದಿಲ್ಲ. ಅದರ ಜೊತೆಗೆ ಯಾವ ವಿಷಯವನ್ನು ಆರಿಸಿದ್ದೀರಿ ಎಂಬುದೇ ಮುಖ್ಯ. ಇತಿಹಾಸ, ಸಮಾಜಶಾಸ್ತ್ರದೊಂದಿಗೆ ಓದಿದವರಿಗೆ ಬೋಧನೆ, ಆಡಳಿತ ಸೇವೆಯ ಪರೀಕ್ಷೆಗಳ ದಾರಿಯಿದೆ. ಗಣಿತ ಅಥವಾ ಸಂಖ್ಯಾಶಾಸ್ತ್ರದೊಂದಿಗೆ ಓದಿದವರಿಗೆ ಅದರ ಜೊತೆಗೆ ಇನ್ನೂ ಹಲವು ಬಾಗಿಲುಗಳು ತೆರೆಯುತ್ತವೆ.

ಒಂದು ಉದಾಹರಣೆ ನೋಡಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಉಚಿತ ಬಸ್ ಪ್ರಯಾಣದಿಂದಾಗಿಯೇ ಎಷ್ಟು ಮಹಿಳೆಯರು ಹೊಸದಾಗಿ ದುಡಿಯಲು ಹೊರಟರು? ಇದನ್ನು ಊಹೆಯಿಂದ ಹೇಳಲಾಗದು. ಅಂಕಿಅಂಶಗಳನ್ನು ಕಲೆಹಾಕಿ, ಬೇರೆ ಕಾರಣಗಳನ್ನು ಬೇರ್ಪಡಿಸಿ ಉತ್ತರ ಕಂಡುಕೊಳ್ಳುವ ವಿದ್ಯೆಗೆ ಎಕನಾಮೆಟ್ರಿಕ್ಸ್ ಎನ್ನುತ್ತಾರೆ. ಸರಕಾರಕ್ಕೂ ಕಂಪೆನಿಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಈ ವಿದ್ಯೆ ಬಲ್ಲವರು ಬೇಕು.

ಸರಕಾರಿ ಹುದ್ದೆಗಳ ವಿಷಯಕ್ಕೆ ಬಂದರೆ, ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೆ, ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು. ರಿಸರ್ವ್ ಬ್ಯಾಂಕ್ ಕೂಡ ತನ್ನ ಆರ್ಥಿಕ ಸಂಶೋಧನಾ ವಿಭಾಗಕ್ಕೆ ಪ್ರತ್ಯೇಕ ನೇಮಕಾತಿ ನಡೆಸುತ್ತದೆ. ಎಂ.ಎ. ನಂತರ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು ಉಪನ್ಯಾಸಕಿಯಾಗಲು ಅರ್ಹತೆ ಸಿಗುತ್ತದೆ. ಸಾಲ, ಬಡ್ಡಿಯ ವ್ಯವಹಾರದ ಕೆಲಸ ಬೇಡವೆನ್ನುವ ಕುಟುಂಬಗಳಿಗೂ ಬೋಧನೆ, ಸಮೀಕ್ಷೆ, ಆರೋಗ್ಯ ಮತ್ತು ಗ್ರಾಮಾಭಿವೃದ್ಧಿಯ ಅಧ್ಯಯನದಂತಹ ಕ್ಷೇತ್ರಗಳಿವೆ.

ಹಾಗಾದರೆ ತಯಾರಿ ಎಲ್ಲಿಂದ? ಎಸೆಸೆಲ್ಸಿ ಮುಗಿದಾಗಲೇ. 'ಹುಡುಗಿಗೆ ಗಣಿತ ಕಷ್ಟ' ಎಂದು ಆಗಲೇ ಕೈಬಿಡಿಸಬೇಡಿ. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಕಡ್ಡಾಯ. ವಾಣಿಜ್ಯ ವಿಭಾಗ ಸೇರುವವರು ಇತಿಹಾಸವಿರುವ ಎಚ್‌ಇಬಿಎ ಬದಲು ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಆರಿಸಿಕೊಳ್ಳಬಹುದು. ಪಿಯುಸಿಯಲ್ಲಿ ಗಣಿತ ಬಿಟ್ಟವರೂ ನಿರಾಶರಾಗಬೇಕಿಲ್ಲ. ಕೇಂದ್ರ ಸರಕಾರದ ಸ್ವಯಂ ತಾಣದಲ್ಲಿ ಸಂಖ್ಯಾಶಾಸ್ತ್ರದ ಪಾಠಗಳು ಉಚಿತವಾಗಿ ಸಿಗುತ್ತವೆ. ಎಕ್ಸೆಲ್ ಮತ್ತು 'ಆರ್' ಎಂಬ ಉಚಿತ ತಂತ್ರಾಂಶವನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು.

ದೂರದ ಊರಿಗೆ ಕಳುಹಿಸಲು ಹಿಂಜರಿಯುವವರಿಗೆ ಬೆಂಗಳೂರಿನಲ್ಲೇ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ವಿಶ್ವವಿದ್ಯಾನಿಲಯವಿದೆ. ಪಿಎಚ್.ಡಿ. ಮಾಡುವವರಿಗೆ 1972ರಲ್ಲಿ ಸ್ಥಾಪನೆಯಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ.

ಊರಿನ ಕಾಲೇಜಿಗೇ ಸೇರಿಸುವುದಾದರೂ ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಸಿಗುತ್ತದೆಯೇ? ಎಕನಾಮೆಟ್ರಿಕ್ಸ್ ಕಲಿಸುತ್ತಾರೆಯೇ? ಕಂಪ್ಯೂಟರ್‌ನಲ್ಲಿ ಅಂಕಿಅಂಶಗಳ ಅಭ್ಯಾಸ ಇದೆಯೇ? ಉತ್ತರ ಕೇಳಲು ಮಗಳನ್ನೂ ಜೊತೆಗೆ ಕರೆದೊಯ್ಯಿರಿ. ಓದಬೇಕಾದವಳು ಅವಳಲ್ಲವೇ?