ಗಜಕರ್ಣವೂ ಔಷಧಪರೀಕ್ಷೆಯೂ

ನಮ್ಮ ಮನೆಗಳಲ್ಲಿ ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುವ ಚರ್ಮರೋಗಕ್ಕೆ ಸಂಸ್ಕೃತದಲ್ಲಿ ದದ್ರುವೆಂದು ಹೆಸರು. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣವು ಹುಳುವಲ್ಲ. ಹಳಸಿದ ರೊಟ್ಟಿಯ ಮೇಲೆ ಹಿಡಿಯುವ ಬೂಷ್ಟಿನ ವರ್ಗಕ್ಕೆ ಸೇರಿದ ಶಿಲೀಂಧ್ರವು. ಹಿಂದೆ ಕೆಲವೇ ವಾರಗಳ ಔಷಧಕ್ಕೆ ಅಡಗುತ್ತಿದ್ದ ಈ ವ್ಯಾಧಿಯು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಠ ಹಿಡಿದಿದೆ. ಇದಕ್ಕೆ ಕಾರಣವೇನು, ಔಷಧಗಳನ್ನು ಪರೀಕ್ಷಿಸುವ ಬಗೆ ಹೇಗೆ ಎಂಬುದನ್ನು ವಾಚಕರಿಗೆ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಶಿಲೀಂಧ್ರದ ಜೀವಕಣವು ಬ್ಯಾಕ್ಟೀರಿಯಕ್ಕಿಂತಲೂ ಮನುಷ್ಯನ ಜೀವಕಣವನ್ನೇ ಹೆಚ್ಚಾಗಿ ಹೋಲುತ್ತದೆ. ಆದುದರಿಂದ ಅದನ್ನು ಕೊಲ್ಲುವ ದ್ರವ್ಯವು ರೋಗಿಗೂ ಕೇಡು ಮಾಡೀತೆಂಬ ಭಯವುಂಟು. ಎರಡಕ್ಕೂ ಇರುವ ಅಲ್ಪ ಭೇದವನ್ನು ಹುಡುಕಿ ಅಲ್ಲಿಯೇ ಪೆಟ್ಟು ಕೊಡಬೇಕು. ಶಿಲೀಂಧ್ರವು ತನ್ನ ಕಣದ ಪೊರೆಗಾಗಿ ಎರ್ಗೋಸ್ಟೆರಾಲ್ ಎಂಬ ಪದಾರ್ಥವನ್ನು ತಯಾರಿಸಿಕೊಳ್ಳುತ್ತದೆ. ಟರ್ಬಿನಫಿನ್ ಎಂಬ ಔಷಧವು ಆ ಕೆಲಸದ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ ರಚನೆಯು ಕಿಂಚಿತ್ತು ಬದಲಾದರೂ ಔಷಧದ ಹಿಡಿತ ತಪ್ಪುತ್ತದೆ. 2020ರಲ್ಲಿ ಜಪಾನಿನ ವಿದ್ವಾಂಸರು ಭಾರತದ ಹೆಸರನ್ನೇ ಸೇರಿಸಿ ಟ್ರೈಕೋಫೈಟಾನ್ ಇಂಡೋಟೀನಿಯೇ ಎಂದು ಕರೆದ ಶಿಲೀಂಧ್ರದ ಅನೇಕ ತಳಿಗಳಲ್ಲಿ ಆಗಿರುವುದು ಇದೇ.

ಪರೀಕ್ಷೆಯು ಮೊದಲು ಗಾಜಿನ ಪಾತ್ರೆಯಲ್ಲಿ ನಡೆಯುತ್ತದೆ. ಔಷಧವನ್ನು ಹಂತಹಂತವಾಗಿ ತೆಳುಮಾಡಿ, ಎಷ್ಟು ಕಡಮೆ ಪ್ರಮಾಣಕ್ಕೆ ಶಿಲೀಂಧ್ರದ ಬೆಳವಣಿಗೆ ನಿಲ್ಲುವುದೆಂದು ನೋಡುತ್ತಾರೆ. ಆದರೆ ಗಾಜಿನಲ್ಲಿ ಗೆದ್ದುದೆಲ್ಲ ದೇಹದಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಕಾಶಿಯ ಹಿಂದೂ ವಿಶ್ವವಿದ್ಯಾಲಯದ ವೈದ್ಯರು, ಬಹುಕಾಲದಿಂದ ನರಳುತ್ತಿದ್ದ 200 ಮಂದಿಯನ್ನು, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ ಚೀಟಿ ಎತ್ತುವ ರೀತಿಯಲ್ಲಿ ನಾಲ್ಕು ಗುಂಪು ಮಾಡಿ, ಬಳಕೆಯಲ್ಲಿದ್ದ ನಾಲ್ಕು ಔಷಧಗಳನ್ನು ಕೊಟ್ಟು ನೋಡಿದರು. ಫಲವು 2020ರಲ್ಲಿ ಪ್ರಕಟವಾಯಿತು. 8 ವಾರಗಳಲ್ಲಿ, ಪ್ರತಿ 50 ಮಂದಿಯ ಪೈಕಿ, ಇಟ್ರಾಕೊನಜೋಲಿನಿಂದ 33, ಫ್ಲುಕೊನಜೋಲಿನಿಂದ 21, ಟರ್ಬಿನಫಿನ್ನಿನಿಂದ 14, ಗ್ರಿಸಿಯೋಫುಲ್ವಿನ್ನಿನಿಂದ 7 ಮಂದಿ ಗುಣ ಹೊಂದಿದರು. ಅತ್ಯುತ್ತಮವೆನಿಸಿದ ಔಷಧವೂ ಮೂವರಲ್ಲಿ ಒಬ್ಬರನ್ನು ಕೈಬಿಟ್ಟಿತು!

ಹೊಸ ಔಷಧಗಳು ಬೇಕೆಂಬುದು ಇದರಿಂದ ಸ್ಪಷ್ಟ. ಆದರೆ ಶಿಲೀಂಧ್ರಗಳ ವಿರುದ್ಧ ಹತ್ತು ವರ್ಷಗಳಲ್ಲಿ ಅನುಮತಿ ಪಡೆದ ಹೊಸ ಔಷಧಗಳು ನಾಲ್ಕೇ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ತಿಳಿಸಿತು. ಇಷ್ಟು ವಿರಳವಾದ ದ್ರವ್ಯವನ್ನು ಕೆಡಿಸದೆ ಕಾಯುವ ಭಾರದಲ್ಲಿ ಗೃಹಸ್ಥರಿಗೂ ಪಾಲುಂಟು. ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಬೆಳೆಯಗೊಡುತ್ತದೆ. ವೈದ್ಯರನ್ನು ಕಂಡು ಅವರು ವಿಧಿಸಿದ ಔಷಧವನ್ನು ಅವಧಿ ಮುಗಿಯುವತನಕ ಸೇವಿಸತಕ್ಕದ್ದು. ಒಬ್ಬರ ಅಂಗವಸ್ತ್ರವನ್ನು ಮತ್ತೊಬ್ಬರು ಬಳಸಬಾರದು. ಮನೆಯಲ್ಲಿ ಇನ್ನಾರಿಗಾದರೂ ತುರಿಕೆಯಿದ್ದರೆ ಅವರಿಗೂ ಕೂಡಲೇ ಚಿಕಿತ್ಸೆಯಾಗಬೇಕು.