ಸುಳ್ಳುಸಾಕ್ಷಿಯೂ ಸಂಸ್ಥೆಯ ಗೌರವವೂ: ಡ್ರೇಫಸ್ ಪ್ರಕರಣದ ದೈವಶಾಸ್ತ್ರೀಯ ಅವಲೋಕನ

ಒಂಬತ್ತನೆಯ ಆಜ್ಞೆಯನ್ನು (ವಿಮೋಚನಕಾಂಡ 20:16) ನಾವು ಸಾಮಾನ್ಯವಾಗಿ ಸುಳ್ಳಾಡಬಾರದೆಂಬ ವೈಯಕ್ತಿಕ ನೀತಿಯಾಗಿ ಬೋಧಿಸುತ್ತೇವೆ. ಆದರೆ ಅದರ ಮೂಲನೆಲೆ ನ್ಯಾಯಸ್ಥಾನ. ನೆರೆಯವನ ಪ್ರಾಣವೂ ಮಾನವೂ ಸಾಕ್ಷಿಯ ಮಾತನ್ನು ಅವಲಂಬಿಸಿರುವ ಸ್ಥಳ. ಒಂದು ಸಂಸ್ಥೆಯೇ ಈ ಆಜ್ಞೆಯನ್ನು ಮೀರಿದರೆ ಏನಾಗುವುದೆಂಬುದನ್ನು ಫ್ರಾನ್ಸಿನ ಡ್ರೇಫಸ್ ಪ್ರಕರಣವು ತೋರಿಸುತ್ತದೆ.

ಆಲ್ಫ್ರೆಡ್ ಡ್ರೇಫಸ್ ಫಿರಂಗಿದಳದ ಕ್ಯಾಪ್ಟನ್, ಆಲ್ಸೇಸ್ ಪ್ರಾಂತ್ಯದ ಯೆಹೂದ್ಯನು. ಜರ್ಮನಿಗೆ ಸೇನಾರಹಸ್ಯಗಳನ್ನು ಒಪ್ಪಿಸಿದನೆಂಬ ಆರೋಪದ ಮೇಲೆ 1894ರ ಅಕ್ಟೋಬರ್ 15ರಂದು ಅವನನ್ನು ಬಂಧಿಸಲಾಯಿತು. ಮುಖ್ಯ ಸಾಕ್ಷ್ಯವೆಂದರೆ ಸಹಿಯಿಲ್ಲದ ಒಂದು ಪತ್ರ. ಅದರ ಕೈಬರಹದ ಬಗ್ಗೆ ಪರೀಕ್ಷಕರಲ್ಲಿಯೇ ಒಮ್ಮತವಿರಲಿಲ್ಲ. ಆದುದರಿಂದ ಒಂದು ರಹಸ್ಯ ಕಡತವನ್ನು, ಆರೋಪಿಗೂ ಅವನ ವಕೀಲನಿಗೂ ತಿಳಿಯದಂತೆ, ಸೇನಾ ನ್ಯಾಯಾಧೀಶರ ಕೈಗೆ ಕೊಡಲಾಯಿತು. ಡಿಸೆಂಬರ್ 22ರಂದು ಆಜೀವ ಗಡೀಪಾರಿನ ಶಿಕ್ಷೆ ವಿಧಿಸಿ, ಬಳಿಕ ಅವನನ್ನು ಡೆವಿಲ್ಸ್ ದ್ವೀಪಕ್ಕೆ ಕಳುಹಿಸಿದರು. ಆರೋಪಿಯ ಮಾತನ್ನು ಕೇಳದೆ ಧರ್ಮಶಾಸ್ತ್ರವು ತೀರ್ಪು ಮಾಡುವುದುಂಟೇ ಎಂದು ನಿಕೊದೇಮನು ಎತ್ತಿದ ಪ್ರಶ್ನೆಯು (ಯೋಹಾನ 7:51) ಈ ಕಡತದ ಮುಂದೆಯೂ ನಿಲ್ಲುತ್ತದೆ.

1896ರಲ್ಲಿ ಗುಪ್ತಚರ ವಿಭಾಗದ ಮುಖ್ಯಸ್ಥ ಪಿಕಾರ್ ಎಂಬವನು ನಿಜವಾದ ಅಪರಾಧಿ ಎಸ್ಟರ್‌ಹಾಜಿ ಎಂದು ಕಂಡುಕೊಂಡನು. ಪಿಕಾರನು ಯೆಹೂದ್ಯದ್ವೇಷದಿಂದ ಮುಕ್ತನಾಗಿರಲಿಲ್ಲ. ಆದರೂ ಸತ್ಯವನ್ನು ಮುಚ್ಚಿಡಲು ಒಪ್ಪಲಿಲ್ಲ. ಸೇನೆಯು ಅವನನ್ನು ದೂರದ ಟ್ಯುನೀಸಿಯಕ್ಕೆ ಕಳುಹಿಸಿತು. ಅವನ ಸಹೋದ್ಯೋಗಿ ಆನ್ರಿ ಹೊಸ ದಾಖಲೆಯನ್ನೇ ಸೃಷ್ಟಿಸಿದನು. 1898ರ ಆಗಸ್ಟಿನಲ್ಲಿ ಆ ಕೃತ್ರಿಮವು ಬಯಲಾದಾಗ ಆನ್ರಿ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಸೇನೆಯ ಗೌರವವನ್ನು ಉಳಿಸಲು ಹೇಳಿದ ಮೊದಲ ಸುಳ್ಳು ಹೀಗೆ ಎರಡನೆಯದನ್ನು ಬೇಡಿತು.

ಇಲ್ಲಿ ಸಭೆಯ ಪಾತ್ರವು ನಮ್ಮನ್ನು ಲಜ್ಜೆಗೊಳಿಸುತ್ತದೆ. ಅಸಂಪ್ಷನಿಸ್ಟ್ ಗುರುಗಳ 'ಲಾ ಕ್ರುವಾ' ಪತ್ರಿಕೆ, ಅಂದರೆ 'ಶಿಲುಬೆ' ಎಂಬ ಹೆಸರನ್ನೇ ಹೊತ್ತ ಪತ್ರಿಕೆ, ಯೆಹೂದ್ಯರ ವಿರುದ್ಧ ದ್ವೇಷವನ್ನು ಬಿತ್ತಿತು. ಆನ್ರಿಯ ವಿಧವೆಗಾಗಿ ನಡೆದ ನಿಧಿಸಂಗ್ರಹದಲ್ಲಿ ಯಾಜಕರ ಹೆಸರುಗಳೂ ಇದ್ದವು. ಆದರೂ ಕಥೋಲಿಕ ವಿದ್ವಾಂಸ ಪೋಲ್ ವಿಯೊಲೆ ನ್ಯಾಯರಕ್ಷಣೆಗಾಗಿ ಕಥೋಲಿಕರ ಸಮಿತಿಯೊಂದನ್ನು ಸ್ಥಾಪಿಸಿದನು. 'ಲಾ ಕ್ರುವಾ' ತನ್ನ ತಪ್ಪನ್ನು ಒಪ್ಪಿಕೊಂಡದ್ದು 1998ರಲ್ಲಿ.

ಇನ್ನೊಂದು ಸಂಗತಿಯೂ ದೈವಶಾಸ್ತ್ರೀಯ ವಿವೇಚನೆಗೆ ಯೋಗ್ಯವಾಗಿದೆ. 1899ರಲ್ಲಿ ರೆನ್ ನಗರದ ಮರುವಿಚಾರಣೆಯು ಡ್ರೇಫಸನನ್ನು ಮತ್ತೆ ಅಪರಾಧಿಯೆಂದಿತು; ಹತ್ತು ದಿನಗಳಲ್ಲಿ ರಾಷ್ಟ್ರಾಧ್ಯಕ್ಷನು ಕ್ಷಮಾದಾನ ನೀಡಿದನು. ದೇಹಬಲ ಕುಂದಿದ್ದ ಡ್ರೇಫಸನು ಅದನ್ನು ಸ್ವೀಕರಿಸಿದರೂ, ತಾನು ನಿರಪರಾಧಿಯೆಂದು ಸ್ಥಾಪಿಸುವ ಪ್ರಯತ್ನವನ್ನು ಬಿಡಲಿಲ್ಲ. ಮಾಡದ ಪಾಪಕ್ಕೆ ದೊರೆಯುವ ಕ್ಷಮೆಯು ಆ ಪಾಪವನ್ನು ಅವನ ಮೇಲೆಯೇ ಉಳಿಸುತ್ತದೆ. 1906ರ ಜುಲೈ 12ರಂದು ಅತ್ಯುಚ್ಚ ನ್ಯಾಯಾಲಯವು ತೀರ್ಪನ್ನು ರದ್ದುಗೊಳಿಸಿದ ಮೇಲೆಯೇ ಅವನಿಗೆ ನ್ಯಾಯ ದೊರೆಯಿತು.

ಸಭಾಶಿಸ್ತಿನ ವಿಚಾರಣೆಗಳಲ್ಲಿ ನಾವು ಕುಳಿತುಕೊಳ್ಳುವಾಗ ಇದನ್ನು ಮರೆಯಬಾರದು. ಆರೋಪಿಗೆ ತೋರಿಸಲಾಗದ ಕಾಗದವು ನಮ್ಮ ತೀರ್ಪಿಗೆ ಆಧಾರವಾಗಬಾರದು. ಸಭೆಯ ಹೆಸರು ಕೆಡುವುದೆಂಬ ಭಯದಿಂದ ಅನ್ಯಾಯದ ತೀರ್ಪನ್ನು ಉಳಿಸಿಕೊಳ್ಳಬಾರದು. ನ್ಯಾಯ ಸಲ್ಲಬೇಕಾದವನಿಗೆ ಸಮಾಧಾನದ ಮಾತನ್ನಷ್ಟೇ ಕೊಟ್ಟು ಕಳುಹಿಸಬಾರದು.